ರುಜುವಿಗೆ ಉತ್ತರವುಂಟೆ?

ನಾನು ಜಯನಗರದಲ್ಲಿ ನೆಲೆಸಿ ನಲವತ್ತು ವರ್ಷಗಳಿಗೆ ಮೇಲಾಯಿತು. ಸಂಜೆಯ ಬಿಸಿಲು ಇಳಿದ ಮೇಲೆ ಮನೆಯ ಹತ್ತಿರದ ಉದ್ಯಾನದಲ್ಲಿ ನಾಲ್ಕು ಸುತ್ತು ಹಾಕಿ, ಕಲ್ಲುಬೆಂಚಿನ ಮೇಲೆ ತುಸು ಹೊತ್ತು ಕುಳಿತು ಬರುವುದು ನನ್ನ ಅಭ್ಯಾಸ. ಕೆಲವು ವಾರಗಳ ಹಿಂದೆ ಹಾಗೆ ಕುಳಿತಿದ್ದಾಗ ನಮ್ಮ ಬೀದಿಯ ಕಾಲೇಜು ಹುಡುಗಿಯೊಬ್ಬಳು ರಟ್ಟಿಗೆ ಸಿಕ್ಕಿಸಿದ ಕಾಗದದ ಕಟ್ಟೊಂದನ್ನು ಹಿಡಿದು ಬಂದಳು.

"ತಾತ, ಇದಕ್ಕೊಂದು ಸೈನ್ ಹಾಕಿಕೊಡ್ತೀರಾ?"

ಕನ್ನಡಕವನ್ನು ಸರಿಪಡಿಸಿಕೊಂಡು ಓದಿದೆ. ಅದು ಸರ್ಕಾರಕ್ಕೆ ಬರೆದ ಒಂದು ಮನವಿ. ಯಾವುದೇ ಆಟದ ಮೈದಾನವನ್ನಾಗಲಿ ಉದ್ಯಾನವನ್ನಾಗಲಿ ಬೇರೆ ಉಪಯೋಗಕ್ಕೆ ಕೊಡುವ ಮುನ್ನ ಆ ವಾರ್ಡಿನ ಮತದಾರರ ಒಪ್ಪಿಗೆಯನ್ನು ಮತದಾನದ ಮೂಲಕ ಪಡೆಯತಕ್ಕದ್ದು, ಅದಕ್ಕಾಗಿ ಕಾನೂನಿಗೆ ತಿದ್ದುಪಡಿ ತರಬೇಕು ಎಂಬುದು ಅದರ ಸಾರಾಂಶ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ತೆರಪು ಸ್ಥಳಗಳ ರಕ್ಷಣೆಗೆಂದು 1985ರಲ್ಲಿಯೇ ಒಂದು ಅಧಿನಿಯಮ ಆಗಿದೆ. ಹುಡುಗಿ ಮತ್ತು ಅವಳ ಗೆಳೆಯರು ಬಯಸಿದ್ದು ಆ ರಕ್ಷಣೆಯ ಕೀಲಿಕೈಯಲ್ಲಿ ಜನರಿಗೂ ಒಂದು ಪಾಲು ಇರಲಿ ಎಂಬುದನ್ನು. ವಿಷಯ ನನಗೆ ಒಪ್ಪಿಗೆಯಾಯಿತು. ಜೇಬಿನಿಂದ ಲೇಖನಿ ತೆಗೆದೆ. ಅಷ್ಟರಲ್ಲಿ ಅವಳೇ ಕೇಳಿದಳು:

"ತಾತ, ಎಷ್ಟು ಜನ ಸೈನ್ ಹಾಕಿದ್ರೆ ಸರ್ಕಾರ ಇದಕ್ಕೆ ಉತ್ತರ ಕೊಡಲೇಬೇಕು?"

ಲೇಖನಿ ಅಲ್ಲಿಯೇ ನಿಂತಿತು. ಪ್ರಶ್ನೆ ಸರಳವಾದದ್ದು. ಒಂದು ಸಂಖ್ಯೆಯನ್ನು ಹೇಳಿಬಿಟ್ಟರೆ ಮುಗಿಯಿತು. ಆದರೆ ಹೇಳಲು ನನ್ನಲ್ಲಿ ಸಂಖ್ಯೆಯಿರಲಿಲ್ಲ. "ನಾಳೆ ಹೇಳುತ್ತೇನೆ, ಮಗು" ಎಂದು ಕಾಗದವನ್ನು ಹಿಂದಕ್ಕೆ ಕೊಟ್ಟೆ. ನಾಳೆ ಎಂದದ್ದು ಹಲವು ದಿನಗಳಾದವು. ಆ ದಿನಗಳಲ್ಲಿ ನಾನು ಓದಿ ಯೋಚಿಸಿದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಪ್ರಶ್ನೆ ನನ್ನನ್ನು ಚುಚ್ಚಿದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಬಹಳ ವರ್ಷಗಳ ಹಿಂದೆ ನಾವು ಕೆಲವರು ಸೇರಿ, ಬಡಾವಣೆಯಲ್ಲಿ ವಾಚನಾಲಯಕ್ಕೆಂದು ಬಿಟ್ಟಿದ್ದ ಜಾಗದ ವಿಷಯವಾಗಿ ಒಂದು ಅರ್ಜಿಯನ್ನು ಸಿದ್ಧಪಡಿಸಿ, ಮನೆಮನೆಗೆ ಹೋಗಿ ಮುನ್ನೂರಕ್ಕೂ ಮೀರಿ ರುಜುಗಳನ್ನು ಸಂಗ್ರಹಿಸಿದ್ದೆವು. ಬರೆಯಲು ಬಾರದ ಮುದುಕಿಯೊಬ್ಬರು ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಸೆರಗಿಗೆ ಒರಸಿಕೊಂಡು, "ಇದರಿಂದ ಕೆಲಸ ಆಗುತ್ತೇನಪ್ಪಾ?" ಎಂದು ಕೇಳಿದ್ದರು. ಆಗುತ್ತದೆ ಎಂದು ನಾನೇ ಧೈರ್ಯ ಹೇಳಿದ್ದೆ. ಸಂಬಂಧಪಟ್ಟ ಕಚೇರಿಯಲ್ಲಿ ನಮ್ಮ ಪ್ರತಿಯ ಮೇಲೆ ಒಂದು ಮೊಹರನ್ನು ಒತ್ತಿಕೊಟ್ಟರು. ಆ ನೇರಳೆ ಬಣ್ಣದ ಮೊಹರೇ ನಮಗೆ ದೊರೆತ ಮೊದಲ ಉತ್ತರ, ಕಡೆಯ ಉತ್ತರವೂ ಹೌದು. ಆಗದು ಎಂದಿದ್ದರೂ ನಮಗೆ ಅಷ್ಟು ದುಃಖವಾಗುತ್ತಿರಲಿಲ್ಲ. ಆಗುತ್ತದೆಂದಾಗಲಿ ಆಗುವುದಿಲ್ಲವೆಂದಾಗಲಿ ಯಾರೂ ಹೇಳಲಿಲ್ಲ. ಆ ಮುದುಕಿ ಈಗಿಲ್ಲ. ಪ್ರತಿ ಮಾತ್ರ ನನ್ನ ಟ್ರಂಕಿನಲ್ಲಿದೆ.

ಜನರು ಸರ್ಕಾರಕ್ಕೆ ತಮ್ಮ ಇಚ್ಛೆಯನ್ನು ತಿಳಿಸುವ ಬಗೆಗಳು ಮೂರು. ಮೊದಲನೆಯದು ಅರ್ಜಿ. ಇದರಲ್ಲಿ ನಾವು ಕೇಳುತ್ತೇವೆ, ಕೊಡುವುದು ಬಿಡುವುದು ಅಧಿಕಾರದಲ್ಲಿರುವವರ ಇಷ್ಟ. ಎರಡನೆಯದು ಜನಮತಗಣನೆ. ಇದರಲ್ಲಿ ಸರ್ಕಾರವೋ ಶಾಸನಸಭೆಯೋ ಒಂದು ಪ್ರಶ್ನೆಯನ್ನು ಇಡುತ್ತದೆ, ಜನ ಹೌದು ಅಥವಾ ಅಲ್ಲ ಎಂದು ಮತ ಹಾಕುತ್ತಾರೆ. ಮೂರನೆಯದು ಇವೆರಡನ್ನೂ ಕೂಡಿಸಿದ್ದು. ಇದರಲ್ಲಿ ಪ್ರಶ್ನೆಯನ್ನು ಬರೆಯುವವರೂ ಜನರೇ, ಉತ್ತರವನ್ನು ಬರೆಯುವವರೂ ಜನರೇ. ನಿಗದಿಯಾದಷ್ಟು ಮಂದಿ ನಿಗದಿಯಾದ ಅವಧಿಯಲ್ಲಿ ರುಜು ಹಾಕಿದರೆ, ಅವರು ಸೂಚಿಸಿದ ಶಾಸನ ಮತಪೆಟ್ಟಿಗೆಯ ಮುಂದೆ ಬರಲೇಬೇಕು. ರಾಜ್ಯಶಾಸ್ತ್ರದವರು ಇದನ್ನು ಉಪಕ್ರಮವೆನ್ನುತ್ತಾರೆ. ನಾವು ಸರಳವಾಗಿ, ಶಾಸನವನ್ನು ಜನರೇ ಸೂಚಿಸುವ ಹಕ್ಕು ಎನ್ನೋಣ. ಅರ್ಜಿಗೂ ಇದಕ್ಕೂ ಇರುವ ಅಂತರ ಒಂದೇ ಮಾತಿನಲ್ಲಿದೆ, 'ಬೇಕು' ಎಂಬುದಕ್ಕೂ 'ಆಗಲೇಬೇಕು' ಎಂಬುದಕ್ಕೂ ಇರುವ ಅಂತರ ಅದು.

ಈ ಹಕ್ಕಿನ ತೌರೂರು ಸ್ವಿಟ್ಜರ್ಲೆಂಡ್ ಎನ್ನಬಹುದು. ಅಲ್ಲಿ 1874ರಲ್ಲಿ, ಸಂಸತ್ತು ಮಾಡಿದ ಕಾನೂನನ್ನು ಮತಕ್ಕೆ ಹಾಕಿಸುವ ಹಕ್ಕು ಜನರಿಗೆ ಬಂದಿತು. 1891ರಲ್ಲಿ ಸಂವಿಧಾನದ ಯಾವುದೇ ಭಾಗಕ್ಕೆ ತಿದ್ದುಪಡಿಯನ್ನು ಜನರೇ ಸೂಚಿಸುವ ಹಕ್ಕು ಬಂದಿತು. ಹುಡುಗಿ ಕೇಳಿದ ಸಂಖ್ಯೆ ಅಲ್ಲಿ ಎಲ್ಲರಿಗೂ ಗೊತ್ತು. ಒಂದು ಲಕ್ಷ ರುಜು, ಹದಿನೆಂಟು ತಿಂಗಳು. ಅಷ್ಟಾದರೆ ಸರ್ಕಾರ ಮತ್ತು ಸಂಸತ್ತು ಆ ಪ್ರಸ್ತಾವದ ಬಗ್ಗೆ ತಮ್ಮ ಅಭಿಪ್ರಾಯವನ್ನು ಹೇಳಬೇಕು. ಬೇಕಾದರೆ ಬದಲಿ ಪ್ರಸ್ತಾವವನ್ನೂ ಮುಂದಿಡಬಹುದು. ಆಮೇಲೆ ಪ್ರತಿಯೊಬ್ಬ ಮತದಾರನಿಗೂ ಪರ ವಿರೋಧದ ವಾದಗಳನ್ನು ವಿವರಿಸುವ ಒಂದು ಚಿಕ್ಕ ಪುಸ್ತಿಕೆ ಹೋಗುತ್ತದೆ, ಮತದಾನ ನಡೆಯುತ್ತದೆ. ಗೆಲ್ಲಬೇಕಾದರೆ ದೇಶದ ಒಟ್ಟು ಮತದಲ್ಲಿಯೂ ಬಹುಮತ ಬೇಕು, ಕ್ಯಾಂಟನ್ನುಗಳೆಂಬ ಅಲ್ಲಿಯ ರಾಜ್ಯಗಳ ಎಣಿಕೆಯಲ್ಲಿಯೂ ಬಹುಮತ ಬೇಕು. ಹೀಗೆ ಮತಕ್ಕೆ ಬಂದ ಪ್ರಸ್ತಾವಗಳಲ್ಲಿ ಗೆದ್ದವು ಸುಮಾರು ಹತ್ತಕ್ಕೆ ಒಂದು ಮಾತ್ರ. ಆದರೂ ಆ ಜನ ಈ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಸೋತವನಿಗೂ ತನ್ನ ಮಾತನ್ನು ಊರೆಲ್ಲ ಕೇಳಿತು ಎಂಬ ಸಮಾಧಾನ ಉಳಿಯುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ ಇದೇ ಹಕ್ಕನ್ನು 1911ರಲ್ಲಿ ತಂದುಕೊಂಡಿತು. ಒಂದು ರೈಲ್ವೆ ಕಂಪನಿಯ ಹಿಡಿತದಲ್ಲಿ ಅಲ್ಲಿಯ ರಾಜಕಾರಣ ಸಿಕ್ಕಿಕೊಂಡಿತ್ತು. ಶಾಸಕರನ್ನು ದಾಟಿ ಶಾಸನ ಮಾಡುವ ಒಂದು ದಾರಿ ಜನರಿಗೆ ಇರಲಿ ಎಂದು ಗವರ್ನರ್ ಹೈರಮ್ ಜಾನ್ಸನ್ ಅದನ್ನು ಬೆಂಬಲಿಸಿದರು. ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇಕಡ 5ರಷ್ಟು ರುಜುಗಳಿದ್ದರೆ ಕಾನೂನಿಗೂ, ಶೇಕಡ 8ರಷ್ಟಿದ್ದರೆ ಸಂವಿಧಾನದ ತಿದ್ದುಪಡಿಗೂ ಅಲ್ಲಿ ಮತದಾನ ನಡೆಯುತ್ತದೆ.

ಇದೆಲ್ಲ ಪರದೇಶದ ಮಾತಾಯಿತು, ನಮ್ಮ ನೆಲದಲ್ಲಿ ಇಂಥದೇನೂ ಇರಲಿಲ್ಲವೆ ಎಂದು ನೀವು ಕೇಳಬಹುದು. ಇದೇ ರೂಪದಲ್ಲಿ ಇರಲಿಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಹೇಳುವ ಸಂಪ್ರದಾಯವೊಂದು ಮೈಸೂರು ಸಂಸ್ಥಾನದಲ್ಲಿ ಇತ್ತು. 1881ರಲ್ಲಿ ಆಡಳಿತ ಮಹಾರಾಜರಿಗೆ ಮರಳಿ ಬಂದ ವರ್ಷವೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಅದರ ಮೊದಲ ಅಧಿವೇಶನ ಆ ವರ್ಷದ ಅಕ್ಟೋಬರಿನಲ್ಲಿ, ದಸರೆಯ ಕಾಲದಲ್ಲಿ, ಮೈಸೂರಿನಲ್ಲಿ ನಡೆಯಿತು. ಬಂದಿದ್ದ ಸದಸ್ಯರು 144 ಮಂದಿ. ಅವರು ಜಮೀನುದಾರರು, ವರ್ತಕರು, ತಾಲ್ಲೂಕುಗಳ ಪ್ರಮುಖರು. ಇಂದಿನ ಅರ್ಥದಲ್ಲಿ ಪ್ರಜೆಗಳೆಲ್ಲರ ಪ್ರತಿನಿಧಿಗಳಲ್ಲ. ಸಭೆಗೆ ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ಆದರೂ ವರ್ಷಕ್ಕೊಮ್ಮೆ ದಿವಾನರು ಆ ಸಭೆಯ ಮುಂದೆ ನಿಂತು ಆಡಳಿತದ ಲೆಕ್ಕವನ್ನು ಒಪ್ಪಿಸುತ್ತಿದ್ದರು, ಸದಸ್ಯರು ತಮ್ಮ ಊರಿನ ಅಹವಾಲುಗಳನ್ನು ಎದುರಿಗೇ ಹೇಳುತ್ತಿದ್ದರು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದವನು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿದ 1894ರ ಕಾಯಿದೆಯ ವಿಷಯ ಈ ಸಭೆಯಲ್ಲಿ ಚರ್ಚೆಗೆ ಒಳಗಾಗಿತ್ತು. ಮುಂದೆ 1923ರ ಶಾಸನ ಈ ಸಭೆಗೆ ಕಾನೂನಿನ ನೆಲೆಯನ್ನು ಕೊಟ್ಟಿತು. ಹೊಸ ಕಾಯಿದೆಯ ಮಸೂದೆಯನ್ನು ನ್ಯಾಯವಿಧಾಯಕ ಸಭೆಯಲ್ಲಿ ಮಂಡಿಸುವ ಮುನ್ನ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳಬೇಕೆಂದಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೊದಲು ಕೃಪೆಯಾಗಿದ್ದದ್ದು ನಲವತ್ತೆರಡು ವರ್ಷಗಳ ಮೇಲೆ ವಿಧಿಯಾಯಿತು. ಕೇಳಿಸಿಕೊಳ್ಳುವುದು ದಿವಾನರ ಸೌಜನ್ಯವಾಗಿ ಉಳಿಯದೆ ಅವರ ಕರ್ತವ್ಯವಾಯಿತು.

ಸ್ವಾತಂತ್ರ್ಯ ಬಂದ ಮೇಲೆ ನಾವು ವಯಸ್ಕರೆಲ್ಲರ ಮತದಾನವನ್ನು ಪಡೆದೆವು. ಮೈಸೂರಿನ ಹಳೆಯ ಸಭೆಗಿಂತ ಅದು ಎಷ್ಟೋ ಪಾಲು ದೊಡ್ಡದು, ಅನುಮಾನವಿಲ್ಲ. ಆದರೆ ಶಾಸನ ಮಾಡುವ ಅಧಿಕಾರವನ್ನು ನಮ್ಮ ಸಂವಿಧಾನ ಸಂಸತ್ತಿಗೂ ರಾಜ್ಯಗಳ ವಿಧಾನಮಂಡಲಗಳಿಗೂ ಕೊಟ್ಟಿದೆ. ಜನರೇ ಶಾಸನವನ್ನು ಸೂಚಿಸಿ ಮತಕ್ಕೆ ಹಾಕುವ ಏರ್ಪಾಟು ಅದರಲ್ಲಿಲ್ಲ. ಹುಡುಗಿಯ ಪ್ರಶ್ನೆಗೆ ಕಟ್ಟುನಿಟ್ಟಾದ ಉತ್ತರ ಇದೇ: ಅಂಥ ಸಂಖ್ಯೆ ನಮ್ಮಲ್ಲಿಲ್ಲ. ಒಂದು ಕೋಟಿ ರುಜು ಬಿದ್ದರೂ ಅದು ಅರ್ಜಿಯೇ.

ಹಾಗೆಂದು ಬಾಗಿಲುಗಳೆಲ್ಲ ಮುಚ್ಚಿವೆ ಎನ್ನುವುದು ಸರಿಯಲ್ಲ. ಇರುವ ಬಾಗಿಲುಗಳನ್ನು ತಿಳಿದುಕೊಳ್ಳಬೇಕು. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ಯಾವನೇ ವ್ಯಕ್ತಿ ತನ್ನ ಕುಂದುಕೊರತೆಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ನಿವೇದಿಸಿಕೊಳ್ಳಬಹುದು. ಕನ್ನಡದಲ್ಲಿ ಅರ್ಜಿ ಬರೆಯುವವನು ಯಾರ ದಾಕ್ಷಿಣ್ಯಕ್ಕೂ ಒಳಗಾಗಬೇಕಿಲ್ಲ. ಸಂಸತ್ತಿನ ಎರಡೂ ಸದನಗಳಲ್ಲಿ ಅರ್ಜಿಗಳ ಸಮಿತಿಯಿದೆ, ಕರ್ನಾಟಕ ವಿಧಾನಮಂಡಲದಲ್ಲಿಯೂ ಇದೆ. ಲೋಕಸಭೆಯ ನಿಯಮದಂತೆ, ಮುಂದಿರುವ ಮಸೂದೆಯ ಬಗ್ಗೆಯಾಗಲಿ ಸಾರ್ವಜನಿಕ ಹಿತದ ವಿಷಯದ ಬಗ್ಗೆಯಾಗಲಿ ಅರ್ಜಿ ಸಲ್ಲಿಸಬಹುದು. ರುಜು ಹಾಕಿದ ಪ್ರತಿಯೊಬ್ಬರ ಪೂರ್ತಿ ಹೆಸರು ವಿಳಾಸಗಳು ಇರಬೇಕು. ಬರೆಯಲು ಬಾರದವರ ಹೆಬ್ಬೆಟ್ಟೂ ಸಲ್ಲುತ್ತದೆ. ಸದಸ್ಯರೊಬ್ಬರು ಮಂಡಿಸುವುದಾದರೆ ಅವರ ಮೇಲುರುಜುವೂ ಬೇಕು.

ಈ ದಾರಿ ನಿಷ್ಫಲವೆಂದು ತಳ್ಳಿಹಾಕಬೇಕಾಗಿಲ್ಲ. ಸಮಾನ ಹುದ್ದೆಗೆ ಸಮಾನ ಪಿಂಚಣಿ ಬೇಕೆಂದು ಮಾಜಿ ಸೈನಿಕರ ಪರವಾಗಿ ಬಂದ ಒಂದು ಅರ್ಜಿಯನ್ನು ರಾಜ್ಯಸಭೆಯ ಸಮಿತಿ 2011ರಲ್ಲಿ ಪರಿಶೀಲಿಸಿ, ಬೇಡಿಕೆ ನ್ಯಾಯವಾದದ್ದೆಂದು ವರದಿ ಕೊಟ್ಟಿತು. ಅದು ಆಜ್ಞೆಯಾಗಿ ಹೊರಬಿದ್ದದ್ದು 2015ರಲ್ಲಿ, ಅದೂ ಬೀದಿಯಲ್ಲಿ ಬಹಳ ಹೋರಾಟ ನಡೆದ ಮೇಲೆ. ಇನ್ನೊಂದು ಬಾಗಿಲು ಖಾಸಗಿ ಸದಸ್ಯರ ವಿಧೇಯಕ. ಮಂತ್ರಿಯಲ್ಲದ ಸದಸ್ಯರೂ ಮಸೂದೆ ತರಬಹುದು, ಅದನ್ನು ಬರೆದುಕೊಟ್ಟವರು ನಾಗರಿಕರೇ ಆಗಿರಬಹುದು. ಆದರೆ ಸ್ವಾತಂತ್ರ್ಯಾನಂತರ ಸಂಸತ್ತಿನಲ್ಲಿ ಹೀಗೆ ಕಾನೂನಾದವು ಹದಿನಾಲ್ಕೇ. ಅವುಗಳಲ್ಲಿ ಕಡೆಯದು ಅಂಗೀಕಾರವಾದದ್ದು 1970ರಲ್ಲಿ. ಮೂರನೆಯ ಬಾಗಿಲು, ಕಾನೂನಾಗುವ ಮುನ್ನಿನ ಸಮಾಲೋಚನೆ. ಕರಡನ್ನು ಕನಿಷ್ಠ ಮೂವತ್ತು ದಿನ ಸಾರ್ವಜನಿಕರ ಮುಂದೆ ಇಡಬೇಕೆಂದು ಕೇಂದ್ರ ಸರ್ಕಾರ 2014ರಲ್ಲಿ ಒಂದು ನೀತಿಯನ್ನು ಮಾಡಿಕೊಂಡಿತು. ಇದು ನೀತಿ ಮಾತ್ರ, ಕಾಯಿದೆಯ ಬಲವುಳ್ಳದ್ದಲ್ಲ. ಪ್ರಜಾಪ್ರತಿನಿಧಿ ಸಭೆಗೆ 1923ರಲ್ಲಿ ದೊರೆತಿದ್ದ ಸ್ಥಾನವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ಯೋಚನೆಗೆ ಈಡಾಗುತ್ತದೆ.

ಜನರೇ ಕರಡು ಬರೆದು ಕಾನೂನಿನವರೆಗೆ ತಂದ ಉದಾಹರಣೆಗಳೂ ಇಲ್ಲದಿಲ್ಲ. ಮಾಹಿತಿ ಹಕ್ಕಿನ ಮಾತು ಮೊದಲು ಎದ್ದದ್ದು ರಾಜಸ್ಥಾನದ ಹಳ್ಳಿಗರ ನಡುವೆ. ಕೂಲಿಯ ಲೆಕ್ಕವನ್ನು ತೋರಿಸಿ ಎಂದು ಅವರು ಕೇಳಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕುಳಿತರು. ಕರ್ನಾಟಕ 2000ದಲ್ಲಿ ತನ್ನದೇ ಮಾಹಿತಿ ಹಕ್ಕು ಅಧಿನಿಯಮವನ್ನು ಮಾಡಿತು, 2005ರಲ್ಲಿ ಇಡೀ ದೇಶದ ಕಾನೂನು ಬಂದಿತು. 2011ರ ಏಪ್ರಿಲಿನಲ್ಲಿ ಲೋಕಪಾಲ ಮಸೂದೆಗಾಗಿ ಕೇಂದ್ರ ಸರ್ಕಾರ ಹತ್ತು ಮಂದಿಯ ಜಂಟಿ ಸಮಿತಿಯನ್ನು ನೇಮಿಸಿತು. ಐವರು ಮಂತ್ರಿಗಳು, ಐವರು ನಾಗರಿಕರು. ಆ ಐವರಲ್ಲಿ ಒಬ್ಬರು ನಮ್ಮ ರಾಜ್ಯದ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು. ಸಮಿತಿಯಲ್ಲಿ ಒಮ್ಮತ ಮೂಡಲಿಲ್ಲ. ಲೋಕಪಾಲ ಕಾನೂನು ಬೇರೆ ರೂಪದಲ್ಲಿ 2013ರಲ್ಲಿ ಅಂಗೀಕಾರವಾಯಿತು. ಈ ಎರಡು ಕಥೆಗಳಲ್ಲಿಯೂ ಜನರ ಮಾತು ಶಾಸನಸಭೆಯ ಹೊಸ್ತಿಲನ್ನು ಮುಟ್ಟಿತು, ನಿಜ. ಆದರೆ ಅದಕ್ಕಾಗಿ ಯಾರೋ ಬಿಸಿಲಿನಲ್ಲಿ ಕೂರಬೇಕಾಯಿತು, ಯಾರೋ ಉಪವಾಸ ಬೀಳಬೇಕಾಯಿತು. ಕೂಲಿ ಬಿಟ್ಟು ನಲವತ್ತು ದಿನ ಕೂರಲಾರದವನ ಮಾತಿಗೆ ದಾರಿ ಯಾವುದು?

ಮತಪೆಟ್ಟಿಗೆಯ ಮೂಲಕ ಒಂದೇ ಪ್ರಶ್ನೆಗೆ ಉತ್ತರ ಪಡೆದದ್ದೂ ನಮ್ಮ ನೆರೆಯಲ್ಲಿ ನಡೆದಿದೆ. ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೆ ಎಂದು 1967ರ ಜನವರಿ 16ರಂದು ಅಲ್ಲಿಯ ಜನರ ಅಭಿಮತವನ್ನು ಕೇಳಲಾಯಿತು. ವಿಲೀನಕ್ಕೆ ಹೂವಿನ ಗುರುತು, ಬೇರೆಯಾಗಿ ಉಳಿಯುವುದಕ್ಕೆ ಎರಡು ಎಲೆಗಳ ಗುರುತು. ಎಲೆಗಳು 34,021 ಮತಗಳಿಂದ ಗೆದ್ದವು. ಆದರೆ ಅದಕ್ಕೆ ಸಂಸತ್ತು ವಿಶೇಷ ಕಾಯಿದೆ ಮಾಡಬೇಕಾಗಿತ್ತು. ಪ್ರಶ್ನೆ ಮೇಲಿನಿಂದ ಬಂದದ್ದು, ಜನ ರುಜು ಹಾಕಿ ಎಬ್ಬಿಸಿದ್ದಲ್ಲ.

ಹಾಗಾದರೆ ರುಜುವೂ ಮತವೂ ಒಂದಕ್ಕೊಂದು ಸೇರಿದ ಏರ್ಪಾಟು ಈ ದೇಶದಲ್ಲಿ ಎಲ್ಲಿಯೂ ಇಲ್ಲವೆ? ಹುಡುಕುತ್ತ ಹೋದಾಗ ಅದು ನಮ್ಮ ಗಡಿಯಲ್ಲಿಯೇ, ಕನ್ನಡ ಮಾತನಾಡುವ ಹಳ್ಳಿಗಳಲ್ಲಿಯೇ ದೊರೆಯಿತು. ಅದೂ ಸಾರಾಯಿ ಅಂಗಡಿಯ ಮುಂದೆ.

ಮಹಾರಾಷ್ಟ್ರದಲ್ಲಿ 2008ರಲ್ಲಿ ಪಾನನಿರೋಧ ಕಾಯಿದೆಯ ಕೆಳಗೆ ಒಂದು ಆದೇಶ ಹೊರಟಿತು. ಒಂದು ಹಳ್ಳಿಯ ಅಥವಾ ವಾರ್ಡಿನ ಮಹಿಳಾ ಮತದಾರರಲ್ಲಿ ಶೇಕಡ 25ರಷ್ಟು ಮಂದಿ, ಇಲ್ಲವೆ ಒಟ್ಟು ಮತದಾರರಲ್ಲಿ ಅಷ್ಟು ಮಂದಿ, ಮದ್ಯದ ಅಂಗಡಿಯನ್ನು ಮುಚ್ಚಿಸಬೇಕೆಂದು ಬರೆದುಕೊಟ್ಟರೆ ಅಧಿಕಾರಿಗಳು ರುಜುಗಳನ್ನು ತಾಳೆ ನೋಡಿ ಗುಪ್ತ ಮತದಾನವನ್ನು ನಡೆಸಬೇಕು. ಮತಪತ್ರದಲ್ಲಿ ಎರಡು ಚಿತ್ರಗಳಿರುತ್ತವೆ. ಒಂದು ನಿಂತ ಬಾಟಲಿ, ಇನ್ನೊಂದು ಮಲಗಿದ ಬಾಟಲಿ. ಮರಾಠಿಯಲ್ಲಿ 'ಉಭೀ ಬಾಟ್ಲಿ', 'ಆಡವೀ ಬಾಟ್ಲಿ' ಎನ್ನುತ್ತಾರೆ. ಅಂಗಡಿ ಇರಲಿ ಎನ್ನುವವರು ನಿಂತದ್ದಕ್ಕೆ, ಬೇಡವೆನ್ನುವವರು ಮಲಗಿದ್ದಕ್ಕೆ ಮುದ್ರೆ ಒತ್ತುತ್ತಾರೆ. ಮತದಾರರ ಒಟ್ಟು ಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಮಂದಿ ಬಾಟಲಿಯನ್ನು ಮಲಗಿಸಿದರೆ ಅಂಗಡಿಯ ಬಾಗಿಲು ಮುಚ್ಚಬೇಕು. ಈ ಎಣಿಕೆ ಬಹಳ ಬಿಗಿಯಾದದ್ದು. ಮತ ಹಾಕಲು ಬಂದವರ ಅರ್ಧವಲ್ಲ, ಪಟ್ಟಿಯಲ್ಲಿರುವವರ ಅರ್ಧ. ಕೂಲಿಗೆ ಹೋಗಿ ಬರಲಾರದ ಹೆಂಗಸಿನ ಗೈರುಹಾಜರಿಯೂ ಅಂಗಡಿಯ ಪರವಾದ ಮತದಂತೆಯೇ ಆಗಿಬಿಡುತ್ತದೆ. ಆದರೂ ಇಲ್ಲಿ ಒಂದು ಸಂಖ್ಯೆಯಿದೆ, ಆ ಸಂಖ್ಯೆ ತುಂಬಿದರೆ ಸರ್ಕಾರ ಮಾಡಲೇಬೇಕಾದ ಒಂದು ಕೆಲಸವಿದೆ. ಇದು ಹೊಸ ಕಾನೂನನ್ನು ಬರೆಯುವ ಹಕ್ಕಲ್ಲ, ಒಂದು ಅಂಗಡಿಯನ್ನು ಕುರಿತ ಹಕ್ಕು, ಅಷ್ಟೆ. ಆದರೆ ಅದರ ಕೀಲು ಸ್ವಿಟ್ಜರ್ಲೆಂಡಿನ ಕೀಲೇ.

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯಲ್ಲಿಯೂ ಸಾಂಗ್ಲಿ ಜಿಲ್ಲೆಯ ಜತ್ತದಲ್ಲಿಯೂ ಮನೆಯಲ್ಲಿ ಕನ್ನಡ ಮಾತನಾಡುವ ಹೆಣ್ಣುಮಕ್ಕಳಿಗೆ ಈ ಆದೇಶ ಅನ್ವಯಿಸುತ್ತದೆ. ಗಡಿಯ ಈಚೆಗೆ, ವಿಜಯಪುರದಲ್ಲಿಯೋ ಕಲಬುರಗಿಯಲ್ಲಿಯೋ ಇರುವ ಅವರ ಅಕ್ಕತಂಗಿಯರಿಗೆ ಅನ್ವಯಿಸುವುದಿಲ್ಲ. 2019ರ ಜನವರಿಯಲ್ಲಿ ಕರ್ನಾಟಕದ ಹಳ್ಳಿಗಳ ಸಾವಿರಾರು ಹೆಂಗಸರು ಮದ್ಯನಿಷೇಧವನ್ನು ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ದೂರವನ್ನು ಕಾಲ್ನಡಿಗೆಯಲ್ಲಿ ಬಂದರು. ರಾಜಧಾನಿಯನ್ನು ಸೇರಿದ್ದು ಗಾಂಧೀಜಿಯವರ ಪುಣ್ಯತಿಥಿಯ ದಿನ, ಜನವರಿ 30ರಂದು. ಕುಡಿತದಿಂದ ಮನೆ ಹಾಳಾಗುವ ಸಂಕಟ ಗಡಿಯ ಎರಡೂ ಕಡೆ ಒಂದೇ. ಆಚೆಯವಳು ತನ್ನ ಊರಿನಲ್ಲಿಯೇ ರುಜು ಹಾಕಿ ಮುದ್ರೆ ಒತ್ತಬಹುದು. ಈಚೆಯವಳು ಹನ್ನೆರಡು ದಿನ ನಡೆದು ಬಂದರೂ ಕೊನೆಗೆ ಕೈಯಲ್ಲಿ ಹಿಡಿದಿರುವುದು ಒಂದು ಮನವಿಪತ್ರವನ್ನು. ಮದ್ಯನಿಷೇಧ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ಇಲ್ಲಿ ಎತ್ತುತ್ತಿಲ್ಲ. ಕೇಳಿದವರಿಗೆ ಉತ್ತರ ದೊರೆಯುವ ವಿಧಾನವೊಂದು ಇದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಹಕ್ಕಿನಲ್ಲಿ ಅಪಾಯವಿಲ್ಲವೆ? ಉಂಟು, ಅದನ್ನು ಮರೆಮಾಚಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಜನರ ಬಹುಮತ ಯಾವಾಗಲೂ ನ್ಯಾಯದ ಪಕ್ಷದಲ್ಲಿರುವುದಿಲ್ಲ. ಸ್ವಿಟ್ಜರ್ಲೆಂಡಿನ ಗಂಡಸರು 1959ರಲ್ಲಿ ಹೆಂಗಸರಿಗೆ ಮತದ ಹಕ್ಕು ಬೇಡವೆಂದು ಮತ ಹಾಕಿದರು. ಅವರು ಒಪ್ಪಿದ್ದು 1971ರಲ್ಲಿ, ನಮ್ಮ ಹೆಣ್ಣುಮಕ್ಕಳು ದೇಶದ ಮೊದಲ ಮಹಾಚುನಾವಣೆಯಲ್ಲಿ ಮತ ಹಾಕಿ ಎಷ್ಟೋ ವರ್ಷಗಳಾದ ಮೇಲೆ. ಅದೇ ದೇಶದಲ್ಲಿ 2009ರಲ್ಲಿ ಮಸೀದಿಗಳಿಗೆ ಮಿನಾರು ಕಟ್ಟಬಾರದೆಂಬ ಪ್ರಸ್ತಾವ ಶೇಕಡ 57.5 ಮತಗಳಿಂದ ಗೆದ್ದಿತು. ಆಗ ಆ ದೇಶದಲ್ಲೆಲ್ಲ ಇದ್ದ ಮಿನಾರುಗಳು ನಾಲ್ಕೇ. ಕ್ಯಾಲಿಫೋರ್ನಿಯದಲ್ಲಿ 1964ರಲ್ಲಿ, ಜನಾಂಗ ನೋಡಿ ಮನೆ ನಿರಾಕರಿಸಬಾರದೆಂಬ ಕಾನೂನನ್ನೇ ಜನ ಮತ ಹಾಕಿ ರದ್ದುಮಾಡಿದರು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ಆ ತೀರ್ಪು ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಬೇಕಾಯಿತು. ಇದರ ಮೇಲೆ ಹಣದ ಬಲ ಬೇರೆ. ಕೂಲಿ ಕೊಟ್ಟು ರುಜು ಸಂಗ್ರಹಿಸುವ ಕಸಬು ಕ್ಯಾಲಿಫೋರ್ನಿಯದಲ್ಲಿ ದೊಡ್ಡದಾಗಿ ಬೆಳೆದಿದೆ. ಜಾತಿ, ಮತ, ಭಾಷೆಗಳ ಹೆಸರಿನಲ್ಲಿ ಬೇಗ ಕೆರಳುವ ನಮ್ಮಂಥ ಸಮಾಜ ಈ ಉದಾಹರಣೆಗಳಿಂದ ಕಲಿಯಬೇಕಾದದ್ದು ಬಹಳವಿದೆ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಇಂಥ ಹಕ್ಕು ನಮ್ಮಲ್ಲಿ ಬರುವುದಾದರೆ ಅದಕ್ಕೆ ಎರಡು ಬೇಲಿಗಳಿರಬೇಕು. ಮೂಲಭೂತ ಹಕ್ಕುಗಳನ್ನು ಮುಟ್ಟುವ ಪ್ರಶ್ನೆಯನ್ನು ಮತಕ್ಕೆ ಹಾಕಕೂಡದು. ಒಬ್ಬನ ನಂಬಿಕೆಯೂ ವಾಸದ ಸ್ಥಳವೂ ಉಳಿದವರ ಎಣಿಕೆಗೆ ಸಿಕ್ಕತಕ್ಕ ವಸ್ತುಗಳಲ್ಲ. ಎರಡನೆಯದಾಗಿ, ಅದು ಚಿಕ್ಕ ಊರಿನಿಂದ, ಕಣ್ಣಿಗೆ ಕಾಣುವ ವಿಷಯದಿಂದ ಮೊದಲಾಗಬೇಕು. ಮೈದಾನ, ಕೆರೆ, ಅಂಗಡಿ, ರಸ್ತೆಯ ಮರ, ಇವುಗಳ ಒಳಿತು ಕೆಡಕನ್ನು ತಿಳಿಯಲು ಯಾರ ಭಾಷಣವೂ ಬೇಕಿಲ್ಲ.

ನಮ್ಮ ನಗರದಲ್ಲಿ ಆ ಚಿಕ್ಕ ನೆಲೆಗೆ ಹೆಸರೂ ಇದೆ. ಸಂವಿಧಾನದ 74ನೆಯ ತಿದ್ದುಪಡಿ ಮೂರು ಲಕ್ಷ ಹಾಗೂ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಊರುಗಳಿಗೆ ವಾರ್ಡ್ ಸಮಿತಿಯನ್ನು ವಿಧಿಸಿದೆ. ಕರ್ನಾಟಕ 2011ರಲ್ಲಿ ತನ್ನ ಪಾಲಿಕೆಗಳ ಅಧಿನಿಯಮಕ್ಕೆ ವಾರ್ಡ್ ಸಮಿತಿ, ಪ್ರದೇಶ ಸಭೆಗಳನ್ನು ಸೇರಿಸಿತು. ಕಾಗದದ ಮೇಲಿನ ಮಾತು ನೆಲಕ್ಕೆ ಇಳಿಯಲು ವರ್ಷಗಳು ಹಿಡಿದವು. ಅಷ್ಟರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ನಗರ ತನ್ನ ಸದಸ್ಯರಿಲ್ಲದೆ ನಡೆಯಿತು. 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಯಿತು. ಬನಶಂಕರಿಯ ಅಥವಾ ಜೆ.ಪಿ. ನಗರದ ಒಂದು ವಾರ್ಡಿನಲ್ಲಿ, ಇಷ್ಟು ಮಂದಿ ರುಜು ಹಾಕಿದರೆ ವಾರ್ಡ್ ಸಮಿತಿ ಆ ವಿಷಯವನ್ನು ಕಾರ್ಯಸೂಚಿಗೆ ತೆಗೆದುಕೊಂಡು, ಇಷ್ಟು ದಿನದೊಳಗೆ ಕಾರಣಸಹಿತ ಬರೆದು ಉತ್ತರಿಸಬೇಕು ಎಂಬ ಒಂದೇ ಸಾಲಿನ ನಿಯಮ ಬಂದರೂ ಸಾಕು. ಮತಪೆಟ್ಟಿಗೆ ಆಮೇಲೆ ಬರಲಿ. ಮೊದಲು ಉತ್ತರ ಬರಲಿ.

ನಾನು ಹುಡುಗಿಯನ್ನು ಮತ್ತೆ ಕಂಡದ್ದು ಅದೇ ಬೆಂಚಿನ ಬಳಿ. ಕಟ್ಟು ದಪ್ಪವಾಗಿತ್ತು. ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಹೆಸರಿನ ಜೊತೆಗೆ ಪೂರ್ತಿ ವಿಳಾಸ ಬರೆಯಿಸಬೇಕೆಂದೂ, ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕೆಂದೂ, ಕ್ಷೇತ್ರದ ಶಾಸಕರ ಮೂಲಕ ಅರ್ಜಿಗಳ ಸಮಿತಿಗೆ ಮುಟ್ಟಿಸಲು ಪ್ರಯತ್ನಿಸಬೇಕೆಂದೂ ಸೂಚಿಸಿದೆ. ಕಡೆಗೆ, "ನೀನು ಕೇಳಿದ ಸಂಖ್ಯೆ ಮಾತ್ರ ನಮ್ಮಲ್ಲಿಲ್ಲ, ಮಗು" ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಮೊದಲು ಅದನ್ನೇ ಕೇಳಬೇಕಲ್ವಾ ತಾತ?" ಎಂದಳು.

ನಲವತ್ತು ವರ್ಷಗಳಲ್ಲಿ ನನಗೆ ತೋಚದಿದ್ದ ಮಾತು ಅದು. ವಾಚನಾಲಯದ ಅರ್ಜಿಯಲ್ಲಿ ನಾವು ಜಾಗವನ್ನು ಕೇಳಿದ್ದೆವು, ಉತ್ತರವನ್ನು ಕೇಳಿರಲಿಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯವೆಂದು ನಾನೇ ಹೇಳಿದ್ದರಿಂದ ಅವಳು ಹೊಸ ಹಾಳೆಯೊಂದನ್ನು ತೆಗೆದು, ಇಬ್ಬರೂ ಕೂಡಿ ಎರಡನೆಯ ಅರ್ಜಿಯ ಮೊದಲ ವಾಕ್ಯವನ್ನು ಬರೆದೆವು: ವಾರ್ಡಿನ ಇಷ್ಟು ಮತದಾರರು ರುಜು ಮಾಡಿದ ಅರ್ಜಿಗೆ ಆರು ತಿಂಗಳೊಳಗೆ ಕಾರಣಸಹಿತ ಲಿಖಿತ ಉತ್ತರ ಕೊಡತಕ್ಕದ್ದು. 'ಇಷ್ಟು' ಎಂಬಲ್ಲಿ ಜಾಗ ಬಿಟ್ಟೆವು. ಆ ಸಂಖ್ಯೆಯನ್ನು ಬಡಾವಣೆಯವರು ಕೂಡಿ ಮಾತನಾಡಿ ತುಂಬಲಿ ಎಂಬುದು ಅವಳ ಮಾತು. ಮೈದಾನದ ಅರ್ಜಿಗೆ ಕಡೆಯ ಸಾಲಿನಲ್ಲಿಯೂ ಹೊಸದಕ್ಕೆ ಮೊದಲ ಸಾಲಿನಲ್ಲಿಯೂ ರುಜು ಹಾಕಿ, ವಿಳಾಸವನ್ನು ಪೂರ್ತಿಯಾಗಿ ಬರೆದು ಕೊಟ್ಟೆ.